ಒಂದು ಪ್ಯಾರಾ ಸಾಕು ಅಂದುಕೊಂಡ ಸಾಹೇಬ

ಮರದಲ್ಲಿ ನೇತಾಡುತ್ತಿರುವ ಒಂದು ಹೆಣ. ಕೆಳಗೆ ಸೈನಿಕರ ಜೊತೆ ನಿಂತ ಬ್ರಿಟಿಷ್ ಜಿಲ್ಲಾ ಕಮಿಷನರ್. ಸತ್ತವನ ಗೆಳೆಯ ನಡುಗುವ ದನಿಯಲ್ಲಿ ಹೇಳ್ತಾನೆ, ಇವನು ನಮ್ಮೂರಿನ ದೊಡ್ಡ ಮನುಷ್ಯ, ಇವನನ್ನು ಈ ಗತಿಗೆ ತಂದವರು ನೀವು ಅಂತ. ಸಾಹೇಬರ ತಲೆಯಲ್ಲಿ ಓಡ್ತಿರೋದು ಬೇರೆಯೇ ವಿಷಯ. ಅವರು ಒಂದು ಪುಸ್ತಕ ಬರೀತಿದ್ದಾರೆ. ನೈಜರ್ ನದಿ ತೀರದ ಅನಾಗರಿಕ ಬುಡಕಟ್ಟುಗಳಿಗೆ ಶಾಂತಿ ಕಲಿಸಿದ ಸಾಹಸಗಾಥೆ. ಈ ಹೆಣದ ಬಗ್ಗೆ ಒಂದು ಅಧ್ಯಾಯವನ್ನೇ ಬರೆಯಬಹುದಾ? ಬೇಡ, ಒಂದು ಪ್ಯಾರಾ ಸಾಕು.

ಇದು 1958ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯ ಕೊನೆಯ ದೃಶ್ಯ. ಬರೆದವರು ನೈಜೀರಿಯಾದ ಚಿನುವಾ ಅಚಿಬೆ. ಸಾಹೇಬರು ಒಂದು ಪ್ಯಾರಾದಲ್ಲಿ ಮುಗಿಸಬೇಕು ಅಂದುಕೊಂಡ ಆ ಮನುಷ್ಯನ ಹೆಸರು ಒಕೊಂಕ್ವೊ. ಅವನ ಅಪ್ಪನ ಸಾಲ, ಅವನ ಕುಸ್ತಿ, ಅವನ ಸಿಟ್ಟು, ಮೂವರು ಹೆಂಡತಿಯರು, ಅವನು ಕಳೆದುಕೊಂಡ ಮಗ, ಎಲ್ಲವನ್ನೂ ಓದಿ ಮುಗಿಸಿಯೇ ನಾವು ಆ ಮರದ ಹತ್ತಿರ ಬಂದಿರ್ತೀವಿ. ಆ ಒಂದು ಪ್ಯಾರಾದಲ್ಲಿ ಎಷ್ಟು ದೊಡ್ಡ ಮೋಸ ಇದೆ ಅನ್ನೋದು ಆಗ ಗೊತ್ತಾಗುತ್ತೆ.

ಅಚಿಬೆ ನಮ್ಮ ವೃತ್ತಿಯವರು ಅನ್ನೋದು ಎಷ್ಟು ಜನಕ್ಕೆ ಗೊತ್ತು? 1954ರಿಂದ ಅವರು ಲಾಗೋಸ್‌ನಲ್ಲಿ ನೈಜೀರಿಯಾದ ಬಾನುಲಿಗೆ ಕೆಲಸ ಮಾಡ್ತಿದ್ದರು. ಈ ಕಾದಂಬರಿಯನ್ನು ಕೈಯಲ್ಲಿ ಬರೆದು, ಇದ್ದ ಒಂದೇ ಪ್ರತಿಯನ್ನು ಟೈಪ್ ಮಾಡಿಸಲು ಲಂಡನ್ನಿಗೆ ಕಳಿಸಿದರು. ಹಣವನ್ನೂ ಕಳಿಸಿದರು. ತಿಂಗಳುಗಟ್ಟಲೆ ಉತ್ತರವೇ ಇಲ್ಲ. ಕೊನೆಗೆ ರಜೆಗೆ ಊರಿಗೆ ಹೋದ ಅವರ ಮೇಲಧಿಕಾರಿ ಆ ಕಚೇರಿಯ ಬಾಗಿಲು ಬಡಿದು ವಿಚಾರಿಸಿದ ಮೇಲೆ ಪ್ರತಿ ಸಿಕ್ಕಿತು. ಒಂದು ಸಮಾಜ ತನ್ನ ಕಥೆಯನ್ನು ತಾನೇ ಹೇಳಿಕೊಂಡ ಪುಸ್ತಕ ಒಂದು ಕಚೇರಿಯ ಮೂಲೆಯಲ್ಲಿ ಧೂಳು ತಿಂದು ಹೋಗಬೇಕಿತ್ತು. ಸ್ವಲ್ಪದರಲ್ಲಿ ಉಳಿಯಿತು.

ಹಾಗಾದರೆ ಆ ಸಮಾಜ ಹೇಗಿತ್ತು? ಇಗ್ಬೊ ಜನರ ನಾಡು ಈಗಿನ ನೈಜೀರಿಯಾದ ಆಗ್ನೇಯ ಭಾಗ. ಅವರಲ್ಲೇ ಒಂದು ಮಾತಿದೆ, ಇಗ್ಬೊಗಳಿಗೆ ರಾಜ ಇಲ್ಲ ಅಂತ. ಬಹುಪಾಲು ಊರುಗಳಲ್ಲಿ ಅದೇ ನಿಜ. ಊರಿನ ವಿಷಯ ಊರಿನ ಬಯಲಲ್ಲಿ ತೀರ್ಮಾನ ಆಗಬೇಕು. ಹಿರಿಯರು, ಬಿರುದು ಪಡೆದವರು, ಓರಗೆಯವರ ಗುಂಪುಗಳು, ಹೆಣ್ಣುಮಕ್ಕಳ ಸಭೆಗಳು, ಎಲ್ಲರಿಗೂ ಅವರವರ ಪಾಲಿನ ಅಧಿಕಾರ. ನಾಲ್ಕು ದಿನಕ್ಕೊಂದು ವಾರ, ಸಂತೆಯ ಹೆಸರೇ ದಿನದ ಹೆಸರು. ವ್ಯಾಜ್ಯ ಬಂದರೆ ಮುಖವಾಡ ಹಾಕಿದ ಪೂರ್ವಜರು ನ್ಯಾಯ ಹೇಳ್ತಿದ್ದರು. ಮುಖವಾಡದ ಒಳಗೆ ಇರೋದು ಪಕ್ಕದ ಮನೆಯವನೇ ಅಂತ ಗೊತ್ತಿದ್ದರೂ ಯಾರೂ ಬಾಯಿ ಬಿಡ್ತಿರಲಿಲ್ಲ. ಯಾಕಂದ್ರೆ ಆ ಗುಟ್ಟಿನ ಮೇಲೇ ಊರು ನಿಂತಿತ್ತು.

ಅದು ಸ್ವರ್ಗವಾಗಿತ್ತಾ? ಖಂಡಿತ ಇಲ್ಲ. ಅಚಿಬೆ ಅದನ್ನು ಮುಚ್ಚಿಡಲಿಲ್ಲ. ಅವಳಿ ಮಕ್ಕಳು ಹುಟ್ಟಿದರೆ ಅಪಶಕುನ ಅಂತ ಮಡಕೆಯಲ್ಲಿಟ್ಟು ಕಾಡಿಗೆ ಎಸೀತಿದ್ದರು. ದೇವರಿಗೆ ಬಿಟ್ಟ 'ಒಸು' ಜನರನ್ನು ಉಳಿದವರು ದೂರ ಇಡ್ತಿದ್ದರು, ಅವರೊಂದಿಗೆ ಮದುವೆ ಸಂಬಂಧ ಇಲ್ಲ. ಕಾದಂಬರಿಯಲ್ಲಿ ಇಕೆಮೆಫುನಾ ಅನ್ನೋ ಹುಡುಗ ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಬೆಳೀತಾನೆ, ಅವನನ್ನು ಅಪ್ಪಾ ಅಂತಾನೆ. ದೇವವಾಣಿ ಆಯಿತು ಅಂತ ಅವನನ್ನು ಕೊಲ್ಲಲು ಕರೆದುಕೊಂಡು ಹೋದಾಗ ಮಚ್ಚು ಬೀಸಿದವರಲ್ಲಿ ಒಕೊಂಕ್ವೊನೂ ಒಬ್ಬ. ಜನ ತನ್ನನ್ನು ಪುಕ್ಕಲ ಅಂದುಕೊಂಡಾರು ಅನ್ನೋ ಭಯ ಅವನಿಗೆ.

ಬಿಳಿಯರ ಚರ್ಚು ಒಳಗೆ ಬಂದದ್ದು ಇದೇ ಬಿರುಕಿನಿಂದ. ಪಾದ್ರಿಗಳು ಜಾಗ ಕೇಳಿದಾಗ ಹಿರಿಯರು ನಗುತ್ತಾ ದೆವ್ವದ ಕಾಡನ್ನೇ ಕೊಟ್ಟರು. ನಾಲ್ಕು ದಿನದಲ್ಲಿ ಸಾಯ್ತಾರೆ ಅಂತ ಲೆಕ್ಕ. ಏಳು ಸಂತೆವಾರ ಕಳೆದರೂ ಯಾರೂ ಸಾಯಲಿಲ್ಲ! ಆಮೇಲೆ ಯಾರ್ಯಾರು ಹೋದರು ನೋಡಿ. ಅವಳಿ ಮಕ್ಕಳನ್ನು ಕಳೆದುಕೊಂಡ ತಾಯಿ ಹೋದಳು. ಒಸುಗಳು ಹೋದರು. ಇಕೆಮೆಫುನಾನನ್ನು ಅಣ್ಣ ಅಂದುಕೊಂಡಿದ್ದ ಒಕೊಂಕ್ವೊನ ಹಿರಿಮಗ ನ್ವೋಯೆ ಹೋದ. ಊರು ಯಾರನ್ನು ತಳ್ಳಿತ್ತೋ ಅವರೇ ಮೊದಲು ಹೋದವರು. ಅವರನ್ನು ದ್ರೋಹಿಗಳು ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ?

ಆದರೆ ಪಾದ್ರಿಯ ಬೆನ್ನಿಗೆ ಬಂದೂಕೂ ಇತ್ತು. ಕಾದಂಬರಿಯಲ್ಲಿ ಅಬಾಮೆ ಅನ್ನೋ ಊರಿಗೆ ಕಬ್ಬಿಣದ ಕುದುರೆ ಏರಿ, ಅಂದರೆ ಸೈಕಲ್ ಮೇಲೆ, ಒಬ್ಬ ಬಿಳಿಯ ಬರ್ತಾನೆ. ಜನ ಅವನನ್ನು ಕೊಲ್ತಾರೆ. ಕೆಲವು ವಾರ ಬಿಟ್ಟು, ಸಂತೆ ತುಂಬಿದ ದಿನ ನೋಡಿ ಸೈನಿಕರು ಸುತ್ತುವರಿದು ಗುಂಡು ಹಾರಿಸ್ತಾರೆ. ಇದು ಬರೀ ಕಲ್ಪನೆ ಅಲ್ಲ. 1905ರಲ್ಲಿ ಸ್ಟುವರ್ಟ್ ಎಂಬ ಬ್ರಿಟಿಷ್ ವೈದ್ಯ ಸೈಕಲ್ ಮೇಲೆ ಹೋಗುವಾಗ ದಾರಿ ತಪ್ಪಿ ಅಹಿಯಾರಾ ಬಳಿ ಕೊಲೆಯಾದ. ಬ್ರಿಟಿಷ್ ಸೇನೆ ಆ ಸೀಮೆಯ ಮೇಲೆ ಸೇಡು ತೀರಿಸಿಕೊಂಡಿತು.

ಬಂದೂಕಿನ ಹಿಂದೆ ಬಂತು ಕೋರ್ಟು. ಭಾಷೆ ಬಾರದ, ಪದ್ಧತಿ ಗೊತ್ತಿಲ್ಲದ ನ್ಯಾಯಾಧೀಶ. ನಡುವೆ ದುಭಾಷಿ ಮತ್ತು ಜವಾನ. ಕಾದಂಬರಿಯಲ್ಲಿ ಕಮಿಷನರ್ ಊರಿಗೆ ಹಾಕುವ ದಂಡ 200 ಚೀಲ ಕವಡೆ. ಜವಾನರು ಊರಿಗೆ ಬಂದು ಹೇಳೋದು 250. ಆ 50 ಚೀಲ ಯಾರ ಮನೆಗೆ ಹೋಯಿತು ಅಂತ ನಾನು ಬಿಡಿಸಿ ಹೇಳಬೇಕಾ? ಹೊರಗಿನ ಆಳ್ವಿಕೆ ನಡೆಯೋದು ಒಳಗಿನ ಕೈಗಳಿಂದಲೇ.

ರಾಜನೇ ಇಲ್ಲದ ಊರನ್ನು ಆಳೋದು ಹೇಗೆ? ಬ್ರಿಟಿಷರಿಗೆ ಇದು ದೊಡ್ಡ ತಲೆನೋವು. ಉತ್ತರ ನೈಜೀರಿಯಾದಲ್ಲಿ ಅಮೀರರಿದ್ದರು, ಅವರ ಮೂಲಕ ಆಳಿದರು. ಇಲ್ಲಿ ಯಾರೂ ಇಲ್ಲ. ಅದಕ್ಕೇ ಒಂದು ಕಾಗದ ಬರೆದು, ಕೈಗೆ ಕೊಟ್ಟು, ಇವತ್ತಿನಿಂದ ನೀನೇ ಮುಖ್ಯಸ್ಥ ಅಂದುಬಿಟ್ಟರು. ಆ ಕಾಗದದ ಹೆಸರು ವಾರಂಟ್. ಅಚಿಬೆಯವರ 1964ರ 'ಆ್ಯರೋ ಆಫ್ ಗಾಡ್' ಕಾದಂಬರಿಯಲ್ಲಿ ಎಝೆಉಲು ಎಂಬ ಪೂಜಾರಿಗೆ ಈ ಪದವಿ ಬರುತ್ತೆ. ಅವನು ಬೇಡ ಅಂತಾನೆ. ಬೇಡ ಅಂದಿದ್ದಕ್ಕೇ ಜೈಲು! ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗಲೆಲ್ಲ ಒಂದು ಪವಿತ್ರ ಯಾಮ್ ಗೆಡ್ಡೆ ತಿಂದು ತಿಂಗಳು ಎಣಿಸಬೇಕಾದವನು ಅವನು. ಜೈಲಿನಲ್ಲಿದ್ದಾಗ ಲೆಕ್ಕ ತಪ್ಪಿತು. ಉಳಿದ ಗೆಡ್ಡೆ ಮುಗಿಯದೆ ಸುಗ್ಗಿ ಹಬ್ಬ ಸಾರಲ್ಲ ಅಂತ ಹಟ ಹಿಡಿದ. ಹಬ್ಬ ಆಗದೆ ಯಾರೂ ಕೊಯ್ಯುವ ಹಾಗಿಲ್ಲ. ಬೆಳೆ ನೆಲದಲ್ಲೇ ಕೊಳೆಯಿತು, ಮಕ್ಕಳು ಹಸಿದವು. ಆಗ ಚರ್ಚು ಹೇಳಿತು, ನಮ್ಮ ದೇವರಿಗೆ ಒಪ್ಪಿಸಿ, ಧೈರ್ಯವಾಗಿ ಕೊಯ್ಯಿರಿ. ಹಸಿದ ಹೊಟ್ಟೆ ಬೇರೆ ಏನು ಮಾಡೀತು?

ಇನ್ನು ಇತಿಹಾಸಕ್ಕೆ ಬನ್ನಿ. ಪೂರ್ವ ಪ್ರಾಂತ್ಯದಲ್ಲಿ 1928ರಲ್ಲಿ ಗಂಡಸರ ಮೇಲೆ ತೆರಿಗೆ ಬಿತ್ತು. 1929ರ ನವೆಂಬರ್‌ನಲ್ಲಿ ಒಲೊಕೊ ಎಂಬ ಊರಿನಲ್ಲಿ ವಾರಂಟ್ ಮುಖ್ಯಸ್ಥನ ಕಡೆಯವನು ನ್ವಾನ್ಯೆರುವಾ ಎಂಬ ಹೆಂಗಸಿನ ಮನೆಗೆ ಬಂದು ಆಡು, ಕುರಿ, ಮಂದಿ ಎಲ್ಲ ಲೆಕ್ಕ ಕೊಡು ಅಂದ. ಅವಳು ರೇಗಿದಳು. ಇನ್ನು ಹೆಂಗಸರ ಮೇಲೂ ತೆರಿಗೆ ಅನ್ನೋ ಸುದ್ದಿ ಸಂತೆಯಿಂದ ಸಂತೆಗೆ ಹಬ್ಬಿತು. ಸಾವಿರಾರು ಹೆಂಗಸರು ಎದ್ದರು. ಮುಖ್ಯಸ್ಥರ ಮನೆ ಮುಂದೆ ಕೂತು ಹಾಡಿ, ಕುಣಿದು, ಮಾನ ಕಳೆದರು. ತಪ್ಪು ಮಾಡಿದ ಗಂಡಸಿಗೆ ಇಗ್ಬೊ ಹೆಂಗಸರು ಹಿಂದಿನಿಂದಲೂ ಕೊಡುತ್ತಿದ್ದ ಶಿಕ್ಷೆ ಅದು. ಅನೇಕ ಕೋರ್ಟುಗಳು ಸುಟ್ಟುಹೋದವು. ಸರ್ಕಾರ ಗುಂಡು ಹಾರಿಸಿತು. 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಮುಂದಿನ ಕೆಲವೇ ವರ್ಷಗಳಲ್ಲಿ ಬ್ರಿಟಿಷರು ವಾರಂಟ್ ಮುಖ್ಯಸ್ಥರ ವ್ಯವಸ್ಥೆಯನ್ನೇ ಕೈಬಿಡಬೇಕಾಯಿತು.

ಈ ಘಟನೆಗೆ ಎರಡು ಹೆಸರಿದೆ. ಬ್ರಿಟಿಷ್ ಕಡತದಲ್ಲಿ ಅದು 'ಅಬಾ ಗಲಭೆ'. ಇಗ್ಬೊ ಜನರ ಬಾಯಲ್ಲಿ ಅದು 'ಹೆಂಗಸರ ಯುದ್ಧ'. ಗಲಭೆ ಅಂದರೆ ತಲೆಕೆಟ್ಟ ಗುಂಪು. ಯುದ್ಧ ಅಂದರೆ ಒಂದು ಕಾರಣ ಇದೆ, ಒಂದು ನಿರ್ಧಾರ ಇದೆ, ಎದುರಾಳಿ ಯಾರು ಅನ್ನೋದು ಗೊತ್ತಿದೆ. ಒಂದೇ ಒಂದು ಪದ ಬದಲಾದರೆ ಸತ್ತವರ ಲೆಕ್ಕವೇ ಬದಲಾಗುತ್ತೆ.

ಗಲಭೆ ಅಂತ ಬರೆದ ಗುಮಾಸ್ತನೂ ಒಂದು ಪ್ಯಾರಾ ಸಾಕು ಅಂದುಕೊಂಡ ಸಾಹೇಬನೂ ಒಂದೇ ಕಚೇರಿಯವರು. ಆ ಸಾಹೇಬನ ಪುಸ್ತಕವನ್ನು ಯಾರೂ ಓದಲಿಲ್ಲ, ಯಾಕಂದ್ರೆ ಅದು ಇರಲೇ ಇಲ್ಲ. ಒಕೊಂಕ್ವೊನ ಕಥೆಯನ್ನು ಲೋಕವೇ ಓದಿತು, 50ಕ್ಕೂ ಹೆಚ್ಚು ಭಾಷೆಗಳಲ್ಲಿ. ಟಿವಿ ಪರದೆಯ ಕೆಳಗೆ ಓಡುವ ಸಾಲಿಗೆ ಒಂದು ಪ್ಯಾರಾದಷ್ಟು ಜಾಗವೂ ಇಲ್ಲ. ಎಲ್ಲೋ ದೂರದ ಊರಿನಲ್ಲಿ ಗಲಭೆ, ಇಷ್ಟು ಸಾವು ಅಂತ ಆ ಸಾಲು ಓಡುತ್ತೆ. ಇನ್ನು ಮೇಲೆ ಅದನ್ನು ನೋಡಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿಯ ಜನ ಇದಕ್ಕೆ ಏನಂತ ಕರೀತಾರೆ?