ವಿಧಿಯನ್ನು ಸೆರೆಗೆ ಹಾಕಿದ ದೊರೆ



‘ಎಲ್ಲಾ ನನ್ನ ಹಣೆಬರಹ’ ಎಂಬ ಮಾತನ್ನು ನೀವು ಮನೆಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆಯ ಫಲಿತಾಂಶದ ದಿನ ಶಾಲೆಯ ಅಂಗಳದಲ್ಲಿ ಕೇಳಿರುತ್ತೀರಿ. ಈ ಮಾತನ್ನು ಸಾಮಾನ್ಯವಾಗಿ ಯಾರು ಆಡುತ್ತಾರೆ, ಗಮನಿಸಿದ್ದೀರಾ? ಮಳೆ ಕೈಕೊಟ್ಟ ರೈತ, ಸಾಲ ತೀರಿಸಲಾಗದ ಕೂಲಿಯವನು, ಓದು ಬಿಡಿಸಿ ಮನೆಯಲ್ಲಿ ಕೂರಿಸಿದ ಹುಡುಗಿ. ಅಧಿಕಾರ, ಐಶ್ವರ್ಯ ಎರಡೂ ಇರುವವರು ಇದನ್ನು ಅಷ್ಟಾಗಿ ಆಡುವುದಿಲ್ಲ. ತಮ್ಮ ಹಣೆಬರಹವನ್ನು ತಾವೇ ತಿದ್ದಿಕೊಳ್ಳಬಲ್ಲೆವು ಎಂಬ ನಂಬಿಕೆ ಅವರಿಗೆ. ಅಂಥ ನಂಬಿಕೆಯಿದ್ದ ಒಬ್ಬ ದೊರೆಯ ಕತೆಯನ್ನು ನಮ್ಮದೇ ನಾಡಿನ ಒಂದು ಮೂಲೆಯ ಜನ ನಕ್ಕು ನಗಿಸಿ ಹಾಡಿದ್ದಾರೆ. ಈ ಬಾರಿ ಆ ಕತೆಯನ್ನೂ ಅದರ ಹಿಂದಿನ ಚರಿತ್ರೆಯನ್ನೂ ನೋಡೋಣ.

ಕತೆಯ ನೆಲ

ಭೂಪಟವನ್ನು ತೆರೆಯಿರಿ. ಕೊಳ್ಳೇಗಾಲದಿಂದ ಹನೂರು ದಾಟಿ, ಮಲೆ ಮಹದೇಶ್ವರ ಬೆಟ್ಟ ಹತ್ತಿ ಇಳಿದು, ಪಾಲಾರ್ ಕಡೆಗೆ ಸಾಗಿದರೆ ಗೋಪಿನಾಥಂ ಎಂಬ ಊರು ಸಿಗುತ್ತದೆ. ಅಲ್ಲಿಂದ ಮುಂದೆ ಕಾವೇರಿ ಹೊಗೇನಕಲ್ಲಿನಲ್ಲಿ ಬಂಡೆಗಳ ನಡುವೆ ಧುಮುಕುತ್ತಾಳೆ. ಕನ್ನಡ, ತಮಿಳು ಎರಡೂ ಕಿವಿಗೆ ಬೀಳುವ ಗಡಿನಾಡು ಇದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಳಿಕ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು.

ಗೋಪಿನಾಥಂ ಎಂದ ಕೂಡಲೇ ನಿಮ್ಮ ಹಿರಿಯರಿಗೆ ಒಂದೇ ಹೆಸರು ನೆನಪಾಗಬಹುದು: ಅಲ್ಲಿ ಹುಟ್ಟಿ, 2004ರ ಅಕ್ಟೋಬರ್‌ನಲ್ಲಿ ಕೊನೆಗೊಂಡ ಕಾಡುಗಳ್ಳ ವೀರಪ್ಪನ್. ಆದರೆ ಈ ಮಲೆಗಳಲ್ಲಿ ಅದಕ್ಕಿಂತ ಎಷ್ಟೋ ಹಳೆಯದಾದ, ಇಂದಿಗೂ ಜೀವಂತವಾಗಿರುವ ಹೆಸರು ಮಾದಪ್ಪನದು. ಇವನೇ ಏಳುಮಲೆಯ, ಎಪ್ಪತ್ತೇಳು ಮಲೆಯ ಒಡೆಯ ಮಹದೇಶ್ವರ. ದೀಪಾವಳಿ, ಶಿವರಾತ್ರಿ, ಯುಗಾದಿಯ ಜಾತ್ರೆಗಳಿಗೆ ಜನ ಕಾಡುದಾರಿಯಲ್ಲಿ ‘ಉಘೇ’ ಎನ್ನುತ್ತಾ ನಡೆದು ಬರುತ್ತಾರೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಇನ್ನೊಂದು ತಾಳ ಹಿಡಿದು ಕಂಸಾಳೆ ನುಡಿಸುವ ದೇವರಗುಡ್ಡರು ರಾತ್ರಿಯಿಡೀ ಕುಳಿತು ಮಾದಪ್ಪನ ಕಾವ್ಯ ಹಾಡುತ್ತಾರೆ.

ಈ ಕಾವ್ಯವನ್ನು ಬರೆದಿಟ್ಟ ಕವಿಯಿಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು. ಡಾ. ಪಿ.ಕೆ. ರಾಜಶೇಖರ ಅವರು ಗುಡ್ಡರಿಂದ ಕೇಳಿ ಬರೆದುಕೊಂಡು 1973ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಅದನ್ನು ಹೊರತಂದಿತು. ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು ಹೀಗೆ. ಇವೆಲ್ಲಕ್ಕೂ ಮೊದಲು ಬರುವುದು ಶ್ರವಣ ದೊರೆಯ ಕತೆ.

ದೇವರುಗಳ ಬಿಟ್ಟಿ ಚಾಕರಿ

ಶ್ರವಣ ಬಂಕಾಪುರಿಯ ಒಡೆಯ, ರಾಕ್ಷಸ ದೊರೆ. ರಾಜ್ಯ, ಕೋಟೆ, ಸಂಪತ್ತು ಯಾವುದಕ್ಕೂ ಕೊರತೆಯಿಲ್ಲ. ಆದರೂ ಅವನಿಗೆ ಸಮಾಧಾನವಿಲ್ಲ. ಮಳೆ ತರುವವನು ಒಬ್ಬ, ಬೆಂಕಿ ಆಳುವವನು ಒಬ್ಬ, ಆಯಸ್ಸು ಬರೆಯುವವನು ಇನ್ನೊಬ್ಬ, ಅದನ್ನು ಮುಗಿಸುವವನು ಮತ್ತೊಬ್ಬ. ಇವರೆಲ್ಲ ಹೊರಗೆ ಆರಾಮವಾಗಿ ಓಡಾಡಿಕೊಂಡಿದ್ದರೆ ತಾನು ಹೇಗೆ ಪೂರ್ಣ ದೊರೆಯಾದೇನು? ಅದಕ್ಕಾಗಿ ಅವನು ಮೂವತ್ತಮೂರು ಕೋಟಿ ದೇವತೆಗಳನ್ನೂ ಸೆರೆಹಿಡಿದು ತನ್ನ ಅರಮನೆಯ ಊಳಿಗಕ್ಕೆ ಹಾಕಿಕೊಂಡ.

ಇಲ್ಲಿನ ಚೇಷ್ಟೆಯನ್ನು ಗಮನಿಸಿ. ಹಣೆಬರಹ ಬರೆಯುವವನೇ ಮನೆಯಾಳಾದರೆ ಹಣೆಬರಹದ ಭಯವೇನು? ಸಾವಿನ ಒಡೆಯನೇ ಬಾಗಿಲು ಕಾಯುತ್ತಿದ್ದರೆ ಸಾವು ಒಳಗೆ ಬರುವುದಾದರೂ ಹೇಗೆ? ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಯಾವ ದೇವರಿಗೆ ಯಾವ ಚಾಕರಿ ಎಂಬ ಪಟ್ಟಿ ಹಾಡುಗಾರನಿಂದ ಹಾಡುಗಾರನಿಗೆ ಬದಲಾಗಬಹುದು. ಆದರೆ ಕೇಳುತ್ತಾ ಕುಳಿತವರಿಗೆ ಆ ಕೆಲಸಗಳು ಹೊಸವಲ್ಲ. ಗೌಡರ ಮನೆಯಲ್ಲಿ, ಪಟೇಲರ ಹಟ್ಟಿಯಲ್ಲಿ ತಮ್ಮ ಅಜ್ಜ ಮುತ್ತಜ್ಜಂದಿರು ಮಾಡಿದ ಕೆಲಸಗಳೇ ಅವು. ದೇವರೂ ನಮ್ಮ ಹಾಗೆಯೇ ಜೀತಕ್ಕೆ ಬಿದ್ದಿದ್ದಾನೆ ಎಂದಾಗ ಹುಟ್ಟುವ ನಗುವಿನಲ್ಲಿ ಒಂದು ಕಹಿಯೂ ಇರುತ್ತದೆ.

‘ಬಿಟ್ಟಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಂದು ನೀವು ಹಣ ಕೊಡದೆ ಸಿಕ್ಕಿದ್ದಕ್ಕೆ ಬಿಟ್ಟಿ ಎನ್ನುತ್ತೀರಿ. ಹಳೆಯ ಕನ್ನಡ ಶಾಸನಗಳಲ್ಲಿ ಇದು ತೆರಿಗೆಗಳ ಸಾಲಿನಲ್ಲಿ ಬರುತ್ತದೆ. ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಕೂಲಿಯಿಲ್ಲದೆ ಒಡೆಯನಿಗೆ ಮಾಡಿಕೊಡಬೇಕಾಗಿದ್ದ ದುಡಿಮೆ ಅದು. ದುಡಿದವನಿಗೆ ತೆರಿಗೆಯಾಗಿದ್ದದ್ದೇ ಪಡೆದವನಿಗೆ ಪುಕ್ಕಟೆಯಾಗಿತ್ತು. ಪದದ ಇಂದಿನ ಅರ್ಥದಲ್ಲಿ ಪಡೆದವನ ಅನುಭವ ಮಾತ್ರ ಉಳಿದಿದೆ, ದುಡಿದವನದು ಅಳಿಸಿಹೋಗಿದೆ. ಅಳಿಸಿಹೋದದ್ದನ್ನು ಹುಡುಕಲು ಇತಿಹಾಸದ ವಿದ್ಯಾರ್ಥಿ ಇಂಥ ಕತೆಗಳ ಬಳಿಗೂ ಹೋಗಬೇಕಾಗುತ್ತದೆ. ಜೀತವನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ ಎಂಬುದನ್ನೂ ನೆನಪಿಡಿ. ಅದಕ್ಕೂ ಮೊದಲೇ, ಶ್ರವಣನ ಕತೆ ಅಚ್ಚಾದ 1973ರಲ್ಲಿ, ಅದನ್ನು ಹಾಡುವವರಿಗೂ ಕೇಳುವವರಿಗೂ ಜೀತ ಎನ್ನುವುದು ಪುರಾಣದ ಮಾತಾಗಿರಲಿಲ್ಲ.

ಅರಗಿನ ಪಾದರಕ್ಷೆ

ದೇವತೆಗಳಿಂದಾಗದ ಕೆಲಸಕ್ಕೆ ಮಾದಪ್ಪ ಬರುತ್ತಾನೆ. ಅವನು ಉತ್ತರಾಜಮ್ಮನ ಮಗ. ದಂಡು ಕಟ್ಟಿ ಬರಲಿಲ್ಲ, ಬಾಣ ಹೂಡಲಿಲ್ಲ. ಉಪಾಯದಿಂದ ದೊರೆಯ ಬಳಿ ಸೇರಿಕೊಂಡ. ಆ ದೊಡ್ಡ ದೊರೆಗೆ ತಕ್ಕ ಹೊಸ ಪಾದರಕ್ಷೆ ಸಿದ್ಧವಾಯಿತು. ಅದನ್ನು ಮಾಡಿದ್ದು ಅರಗಿನಿಂದ. ಶ್ರವಣ ಹಿಗ್ಗಿನಿಂದ ಮೆಟ್ಟಿಕೊಂಡ. ನಡೆಯಬೇಕಾದದ್ದು ಕಾದ ಬಂಡೆಯ ಮೇಲೆ. ಅರಗು ಕರಗಿತು, ಕಾಲು ಕಲ್ಲಿಗೆ ಅಂಟಿತು. ಮುಂದಿಟ್ಟ ಹೆಜ್ಜೆ ಹಿಂದಕ್ಕೆ ಬರಲಿಲ್ಲ. ಮೂವತ್ತಮೂರು ಕೋಟಿ ದೇವತೆಗಳನ್ನು ಗೆದ್ದವನು ಒಂದು ಜೊತೆ ಎಕ್ಕಡದಿಂದ ಸತ್ತ. ಸೆರೆಯಲ್ಲಿದ್ದವರು ಬಿಡುಗಡೆಯಾದರು.

ವಿಜ್ಞಾನ ಓದಿ ಬಂದ ನನ್ನಂಥವರಿಗೆ ಇಲ್ಲಿ ಅರಗಿನ ಆಯ್ಕೆಯೇ ಮೊದಲು ಕಾಣುತ್ತದೆ. ಅರಗು ಒಂದು ಸಣ್ಣ ಕೀಟ ಮುತ್ತುಗದಂಥ ಮರಗಳ ಕೊಂಬೆಯ ಮೇಲೆ ಸ್ರವಿಸುವ ರಾಳ. ತಣ್ಣಗಿರುವಾಗ ಗಟ್ಟಿ, ಹೊಳಪಿನದು, ನೋಡಲು ಚೆಂದ. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗಿ ಕರಗುತ್ತದೆ, ತಣಿದ ಕೂಡಲೇ ಕಚ್ಚಿ ಹಿಡಿಯುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಆ ಮಿನುಗು ಬರುವುದು ಇದರಿಂದಲೇ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವಿಕೆಯ ಶಾಖಕ್ಕೆ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮಹಾಭಾರತದ ಅರಗಿನ ಮನೆಯೂ ನಿಮಗೆ ಗೊತ್ತು. ಕೈಕಸುಬಿನವನಿಗೆ ಈ ವಸ್ತುವಿನ ಗುಣ ಬೆರಳ ತುದಿಯಲ್ಲಿರುತ್ತದೆ. ಆದರೆ ದೊರೆಗೆ? ಅವನು ಪಾದರಕ್ಷೆಯ ಹೊಳಪು ನೋಡಿದ. ಯಾತರಿಂದ ಮಾಡಿದ್ದು ಎಂದು ಕೇಳಲಿಲ್ಲ. ಎಕ್ಕಡ ಮಾಡುವವನ ವಿದ್ಯೆ ದೊರೆ ತಿಳಿಯಬೇಕಾದ ವಿದ್ಯೆಯೆಂದು ಅವನಿಗೆ ಅನ್ನಿಸಲೇ ಇಲ್ಲ.

ಈ ಕತೆಯ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಶ್ರವಣ ವಿಧಿಗೆ ಹೆದರಿ ಆಕಾಶದ ಕಡೆ ಕಾವಲು ಹಾಕಿದ. ನೆಲದ ಕಡೆ, ತನ್ನ ಕಾಲಿನ ಕಡೆ ನೋಡಲಿಲ್ಲ. ಸಮಾಜದಲ್ಲಿ ಅತ್ಯಂತ ಕೆಳಗಿನದು ಎಂದು ಎಣಿಸಿದ ಕಸುಬೇ ಅವನ ವಿಧಿಯಾಯಿತು. ಮಾದಪ್ಪನ ಹುಟ್ಟನ್ನೂ ವೇಷವನ್ನೂ ಚರ್ಮದ ಕೆಲಸದ ಸಮುದಾಯದೊಂದಿಗೆ ಜೋಡಿಸುವ ಪರಂಪರೆ ಇದೆ. ಎಚ್.ಎಸ್. ಶಿವಪ್ರಕಾಶ್ ಈ ಕಾವ್ಯವನ್ನು ಆಧರಿಸಿ ಬರೆದ ನಾಟಕಕ್ಕೆ ‘ಮಾದಾರಿ ಮಾದಯ್ಯ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಕನ್ನಡಿಗರ ನೆನಪಿನಲ್ಲಿ ಇನ್ನೊಂದು ಜೊತೆ ಪಾದರಕ್ಷೆ ಇದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮಾಡಿದ್ದು ಎಂದು ಹೇಳುವ ಪಾದರಕ್ಷೆ ಅದು. ಒಂದು ಪ್ರೀತಿಯದು, ಒಂದು ಪ್ರತೀಕಾರದ್ದು. ಗೌರವ ಕೊಟ್ಟವನಿಗೆ ಎಂಥದು, ಜೀತಕ್ಕೆ ಹಾಕಿದವನಿಗೆ ಎಂಥದು ಎಂಬುದನ್ನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಶ್ರವಣನ ನೆಂಟರು

ಇಂಥ ದೊರೆಗಳು ನಮ್ಮಲ್ಲಿ ಮಾತ್ರ ಇರಲಿಲ್ಲ. ಪರೀಕ್ಷಿತ ರಾಜ ಹಾವಿನ ಶಾಪಕ್ಕೆ ಹೆದರಿ ಒಂಟಿ ಕಂಬದ ಮನೆ ಕಟ್ಟಿಸಿ, ಸುತ್ತ ಕಾವಲಿಟ್ಟು, ವೈದ್ಯರನ್ನು ಕೂರಿಸಿಕೊಂಡ. ಕೊನೆಗೆ ತಕ್ಷಕ ಬಂದದ್ದು ಹಣ್ಣಿನೊಳಗಿನ ಹುಳುವಾಗಿ. ಕ್ರಿಸ್ತಪೂರ್ವ 480ರ ದಂಡಯಾತ್ರೆಯಲ್ಲಿ ಪರ್ಷಿಯಾದ ಚಕ್ರವರ್ತಿ ಕ್ಸರ್ಕ್ಸಿಸ್ ಕಟ್ಟಿಸಿದ ಸೇತುವೆಯನ್ನು ಬಿರುಗಾಳಿ ಮುರಿದಾಗ, ಅವನು ಸಮುದ್ರಕ್ಕೆ 300 ಚಾಟಿಯೇಟು ಹೊಡೆಸಿದ, ನೀರಿಗೆ ಬೇಡಿ ಎಸೆಸಿದ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಸೇತುವೆ ಕಟ್ಟಿಸಿದವರ ತಲೆಗಳೂ ಉರುಳಿದವು. ಅದೇ ವರ್ಷ ಸಲಾಮಿಸ್‌ನ ನೌಕಾಯುದ್ಧದಲ್ಲಿ, ಸಮುದ್ರದ ಮೇಲೆಯೇ, ಅವನಿಗೆ ಸೋಲಾಯಿತು.

ಮಲೆಯ ಸಮೀಪಕ್ಕೇ ಬಂದರೆ ತಲಕಾಡಿನ ಶಾಪದ ಕತೆಯಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅಲಮೇಲಮ್ಮ ಒಡವೆಗಳೊಡನೆ ಕಾವೇರಿಯ ಮಡುವಿಗೆ ಹಾರುತ್ತಾ ಶಪಿಸಿದಳು ಎಂಬುದು ಪ್ರತೀತಿ. ಅದು ದುಃಖದ ಕತೆ; ಶಾಪಕ್ಕೆ ತಲೆಬಾಗಿ ಅರಮನೆಯೇ ಅಲಮೇಲಮ್ಮನಿಗೆ ಪೂಜೆ ಸಲ್ಲಿಸುತ್ತಾ ಬಂತು. ಶ್ರವಣನ ಕತೆಯಲ್ಲಾದರೋ ಅರಮನೆಗೆ ಜಾಗವಿಲ್ಲ. ಅದು ಉಳಿದದ್ದು ಬಡ ಗುಡ್ಡರ ಗಂಟಲಿನಲ್ಲಿ, ಕೇಳುವವರ ನಗುವಿನಲ್ಲಿ.

ಹಾಗಾದರೆ ಇದು ಇತಿಹಾಸವೇ?

ನಿಮ್ಮಲ್ಲಿ ಕೆಲವರು ಕೇಳಬಹುದು: ರಾಕ್ಷಸನ ಕತೆ ಇತಿಹಾಸ ಹೇಗಾಗುತ್ತದೆ? ಒಳ್ಳೆಯ ಪ್ರಶ್ನೆ. ಶ್ರವಣನನ್ನು ಶಾಸನಗಳಲ್ಲಿ ಹುಡುಕಲು ಹೋಗಬೇಡಿ. ಬಂಕಾಪುರಿಗೆ ರೈಲು ಹತ್ತಬೇಡಿ. ಮಹದೇಶ್ವರ ಎಂಬ ಸಂತನನ್ನು ವಿದ್ವಾಂಸರು ಸಾಮಾನ್ಯವಾಗಿ 14–15ನೆಯ ಶತಮಾನದ ಆಸುಪಾಸಿಗೆ ಇಡುತ್ತಾರೆ. ಕಾವ್ಯದಲ್ಲಿ ಬರುವ ಸುತ್ತೂರು ಮಠ, ಕುಂತೂರು ಮಠಗಳು ಇಂದಿಗೂ ಇವೆ. ಗುಡಿ ಕಟ್ಟಿಸಿದನೆಂದು ಹೇಳುವ ಜುಂಜೇಗೌಡನ ಆಲಂಬಾಡಿ ಗೋಪಿನಾಥಂನಿಂದ ದೂರವಿಲ್ಲ. ಹೀಗೆ ಕತೆಯ ಒಂದು ಕಾಲು ನಿಜವಾದ ನೆಲದ ಮೇಲಿದೆ.

ಆದರೆ ಅದಕ್ಕಿಂತ ಮುಖ್ಯವಾದ ಇತಿಹಾಸ ಬೇರೆಯಿದೆ. ಶಾಸನ ಹಾಕಿಸಿದವನು ತಾನು ಎಷ್ಟು ದೊಡ್ಡವನು ಎಂದು ಬರೆಸುತ್ತಾನೆ. ಆ ದೊಡ್ಡಸ್ತಿಕೆ ಕೆಳಗೆ ನಿಂತು ದುಡಿದವರಿಗೆ ಹೇಗೆ ಕಾಣಿಸಿತು ಎಂಬುದು ಕಲ್ಲಿನ ಮೇಲೆ ಸಿಗುವುದು ಕಡಿಮೆ, ಹಾಡಿನಲ್ಲಿ ಸಿಗುತ್ತದೆ. ಸುತ್ತೂರು ಮಠಕ್ಕೆ ಬಂದ ಮಾದಪ್ಪನಿಗೂ ಮೊದಲು ಸಿಕ್ಕಿದ್ದು ರಾಗಿ ಬೀಸುವ ಕೆಲಸ. ಬೀಸುಕಲ್ಲಿನ ಮುಂದೆ ಕುಳಿತವನೇ ಮುಂದೆ ದೇವರಾದ. ಈ ಜನ ತಮ್ಮ ದೇವರನ್ನು ಸಿಂಹಾಸನದ ಮೇಲೆ ಕಲ್ಪಿಸಿಕೊಳ್ಳಲಿಲ್ಲ, ಕೆಲಸದ ಮುಂದೆ ಕಲ್ಪಿಸಿಕೊಂಡರು.

ಇನ್ನು ಹಣೆಬರಹದ ಮಾತು. ಒಂದು ಊರಿಗೂ ಹಣೆಬರಹ ಅಂಟಿಸುವುದುಂಟು. ಗೋಪಿನಾಥಂ ಹಲವು ವರ್ಷ ಒಬ್ಬ ಕಾಡುಗಳ್ಳನ ಹೆಸರಿನಿಂದಲೇ ಗುರುತಾಯಿತು. ಅದೇ ಊರಿನಲ್ಲಿ ಜನರ ನಡುವೆ ಇದ್ದು, ಮಾರಿಯಮ್ಮನ ಗುಡಿ ಕಟ್ಟಲು ನೆರವಾಗಿ, ದಾರಿ ತಪ್ಪಿದವರನ್ನು ಶರಣಾಗಲು ಒಪ್ಪಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಕೊಲೆಯಾದರು. ‘ಈ ಊರಿನವರು ಇಷ್ಟೇ’ ಎಂಬ ಮಾತನ್ನು ಅವರು ಒಪ್ಪಲಿಲ್ಲ. 2013ರಲ್ಲಿ ಈ ಮಲೆಗಳ 906 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ಕಾಡು ನೋಡಲೆಂದೇ ಜನ ಈಗ ಗೋಪಿನಾಥಂಗೆ ಬರುತ್ತಾರೆ. ಊರಿನ ಹೆಸರಿಗೆ ಹೊಸ ಅರ್ಥ ಸೇರುತ್ತಿದೆ.

ಹಾಗಾಗಿ ಶ್ರವಣನ ಕತೆಯಿಂದ ‘ವಿಧಿಯನ್ನು ಯಾರೂ ಮೀರಲಾರರು, ಸುಮ್ಮನಿರಿ’ ಎಂಬ ಪಾಠ ತೆಗೆದುಕೊಳ್ಳಬೇಡಿ. ಗುಡ್ಡರು ಹಾಡುವುದು ಅದನ್ನಲ್ಲ. ಬೇರೆಯವರನ್ನು ಜೀತಕ್ಕೆ ಹಾಕಿ ತನ್ನ ವಿಧಿಯನ್ನು ತಪ್ಪಿಸಿಕೊಳ್ಳಲು ಹೊರಟವನು ಸೋತ. ಜೀತಕ್ಕೆ ಬಿದ್ದವರ ಹಣೆಬರಹ ಅದೇ ದಿನ ಬದಲಾಯಿತು. ಒಂದೇ ಕತೆಯಲ್ಲಿ ಎರಡೂ ಇವೆ. ಎರಡನೆಯದನ್ನು ಮರೆತು ಮೊದಲನೆಯದನ್ನು ಮಾತ್ರ ಹೇಳುವವರನ್ನು ಕಂಡರೆ ಸ್ವಲ್ಪ ಎಚ್ಚರದಿಂದಿರಿ.

ನೀವೇ ಮಾಡಿ ನೋಡಿ

1. ನಿಮ್ಮ ಊರಿನಲ್ಲಿ ಗರ್ವ ಮುರಿದ ದೊರೆ, ಪಾಳೆಯಗಾರ ಅಥವಾ ಸಾಹುಕಾರನ ಕತೆ ಇದೆಯೇ? ಹಿರಿಯರಿಂದ ಕೇಳಿ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅವರ ಮಾತಿನಲ್ಲೇ ಬರೆದಿಡಿ. ಒಂದೇ ಕತೆಯನ್ನು ಇಬ್ಬರಿಂದ ಕೇಳಿ, ವ್ಯತ್ಯಾಸ ಗುರುತಿಸಿ.

2. ಆ ಕತೆಯಲ್ಲಿ ದೊರೆಯನ್ನು ಸೋಲಿಸಿದವರು ಯಾರು? ಅವರ ಕಸುಬು ಯಾವುದು?

3. ಒಂದು ವಾರ ಕಿವಿಗೊಟ್ಟು ಕೇಳಿ. ‘ಹಣೆಬರಹ’ ಎಂಬ ಪದವನ್ನು ಯಾರು, ಯಾವಾಗ, ಯಾರ ಬಗ್ಗೆ ಬಳಸುತ್ತಾರೆ? ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ.