ಮಗ್ಗದ ಮನೆಯಲ್ಲಿ ಒಂದು ಬದಲಾವಣೆ

ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಸ್ವಯಂಚಾಲಿತ ಮಗ್ಗಗಳು ಬಂದಾಗ ಆಡಳಿತ ವರ್ಗಕ್ಕೆ ದೊಡ್ಡ ನಿರೀಕ್ಷೆಯಿತ್ತು. ಆದರೆ ಉತ್ಪಾದನೆ ಅಂದುಕೊಂಡಷ್ಟು ಏರಲಿಲ್ಲ. ದೋಷವಿರುವ ಬಟ್ಟೆಯೇ ರಾಶಿ ಬೀಳತೊಡಗಿತು. ಯಂತ್ರ ಹೊಸದು, ಕೆಲಸಗಾರರು ನುರಿತವರು. ಹಾಗಾದರೆ ತಪ್ಪೆಲ್ಲಿ? 1953ರಲ್ಲಿ ಇದಕ್ಕೆ ಉತ್ತರ ಹುಡುಕಲು ಬಂದವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್.

ಸಂಸ್ಥೆಗಳು ಬದಲಾಗುವುದು ಹೇಗೆ ಎಂಬ ಬಗ್ಗೆ ಆಗಲೇ ಒಂದು ಪ್ರಸಿದ್ಧ ಸಿದ್ಧಾಂತವಿತ್ತು. ಹಿಟ್ಲರನ ಜರ್ಮನಿಯನ್ನು 1933ರಲ್ಲಿ ತೊರೆದು ಅಮೆರಿಕ ಸೇರಿದ ಯಹೂದಿ ಮನೋವಿಜ್ಞಾನಿ ಕರ್ಟ್ ಲೆವಿನ್ ಅದನ್ನು ಮಂಡಿಸಿದ್ದರು. ಹೆಪ್ಪುಗಟ್ಟಿದ ಹಳೆಯ ರೂಢಿಯನ್ನು ಮೊದಲು ಕರಗಿಸಬೇಕು, ನಂತರ ಹೊಸ ಕಡೆಗೆ ಸಾಗಬೇಕು, ಕೊನೆಗೆ ಅದನ್ನು ಮತ್ತೆ ಹೆಪ್ಪುಗಟ್ಟಿಸಬೇಕು. ಮೇಲಿನಿಂದ ಒತ್ತಡ ಹೆಚ್ಚಿಸುತ್ತ ಹೋದರೆ ಬಿಗುವು ಬೆಳೆಯುತ್ತದೆ. ತಡೆಯುತ್ತಿರುವುದನ್ನು ತೆಗೆಯುವುದೇ ಮೇಲು ಎಂಬುದು ಅವರ ಮತ. ಅವರು 1947ರಲ್ಲಿ ತೀರಿಕೊಂಡರು.

ಇನ್ನು ಮಿಲ್ಲಿಗೆ ಬರೋಣ. ಆ ಶೆಡ್ಡಿನಲ್ಲಿ 224 ಮಗ್ಗ, 29 ಕೆಲಸಗಾರರು, ಆದರೆ ಕೆಲಸದ ಬಗೆ ಮಾತ್ರ 12! ನೇಯುವವನೊಬ್ಬ, ನೂಲು ತುಂಬುವವನೊಬ್ಬ, ಎಳೆ ಹರಿದರೆ ಸರಿಪಡಿಸುವವನು ಮತ್ತೊಬ್ಬ. ಒಬ್ಬೊಬ್ಬರ ಪಾಲಿನ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಹೀಗಾಗಿ ಒಂದೇ ಮಗ್ಗವನ್ನು ನೋಡಿಕೊಳ್ಳುವವರೂ ಒಂದು ತಂಡವಾಗಿರಲಿಲ್ಲ. ಕೆಲಸವನ್ನು ಚೂರುಚೂರು ಮಾಡಿದರೆ ದಕ್ಷತೆ ಹೆಚ್ಚುತ್ತದೆ ಎಂಬ, 1911ರಲ್ಲಿ ಪುಸ್ತಕ ಬರೆದ ಫ್ರೆಡರಿಕ್ ಟೇಲರ್ ಕಾಲದ ನಂಬಿಕೆಯ ಪರಿಣಾಮವಿದು ಎನ್ನಬಹುದು.

ಒಂದಿಷ್ಟು ಮಗ್ಗಗಳ ಸಂಪೂರ್ಣ ಹೊಣೆಯನ್ನು ಒಂದು ಚಿಕ್ಕ ಗುಂಪಿಗೇ ವಹಿಸಬಾರದೇಕೆ ಎಂದು ರೈಸ್ ಸೂಚಿಸಿದರು. ಅವರು ಮಾತಾಡಿದ್ದು ಅಧಿಕಾರಿಗಳು ಮತ್ತು ಮೇಲ್ವಿಚಾರಕರ ಜೊತೆ. ಸುದ್ದಿ ಕೆಲಸಗಾರರ ಕಿವಿಗೆ ಬಿದ್ದದ್ದೇ ತಡ, ಯಾರು ಯಾರ ಜೊತೆ ಎಂಬುದನ್ನು ಅವರೇ ಮಾತಾಡಿಕೊಂಡು ಗುಂಪು ಕಟ್ಟಿಕೊಂಡುಬಿಟ್ಟರು! ತಜ್ಞರೂ ಇದನ್ನು ನಿರೀಕ್ಷಿಸಿರಲಿಲ್ಲ. ಇಡೀ ಕಥೆಯಲ್ಲಿ ನನಗೆ ಹಿಡಿಸಿದ ಭಾಗ ಇದೇ. ಬದಲಾವಣೆಗೆ ಕಾರ್ಮಿಕರೇ ಅಡ್ಡಿ ಎಂದು ಗೊಣಗುವ ಮ್ಯಾನೇಜರುಗಳು ಆಗಲೂ ಇದ್ದರು, ಈಗಲೂ ಇದ್ದಾರೆ.

ಆರಂಭದಲ್ಲಿ ಏರುಪೇರಾಯಿತು. ವೇಗವೇನೋ ಹೆಚ್ಚಿತು, ಜೊತೆಗೆ ದೋಷವೂ ಹೆಚ್ಚಿತು. ಕೆಲವು ತಿಂಗಳಲ್ಲಿ ಎಲ್ಲವೂ ಹಿಡಿತಕ್ಕೆ ಬಂದು ದಕ್ಷತೆ ಸರಾಸರಿ ಶೇ. 80ರಿಂದ 95ಕ್ಕೆ ಏರಿತು. ದೋಷವಿರುವ ಬಟ್ಟೆ ಶೇ. 32ರಿಂದ 20ಕ್ಕೆ ಇಳಿಯಿತು.

ಆದರೆ ಲೆವಿನ್ ಹೇಳಿದ ಮೂರನೆಯ ಹಂತ? ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಅದೇ ಮಿಲ್ಲಿಗೆ ಹೋದರು. ಹಳೆಯ ಮಾದರಿಯ ಮಗ್ಗಗಳ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಬಹುಮಟ್ಟಿಗೆ ಉಳಿದಿತ್ತು. ಹೆಸರು ತಂದುಕೊಟ್ಟ ಸ್ವಯಂಚಾಲಿತ ಮಗ್ಗಗಳ ಶೆಡ್ಡಿನಲ್ಲಿ ಮಾತ್ರ ಅದು ಕರಗಿಹೋಗಿತ್ತು. ಮಾರುಕಟ್ಟೆ ಬದಲಾಗಿತ್ತು. ಗುಂಪುಗಳ ಮೇಲೆ ಭಾರ ಹೆಚ್ಚಿದಂತೆ ಮೇಲಿನವರು ನಡುವೆ ಕೈಹಾಕಿದ್ದರು. ಕೆಲಸಗಾರ ಮತ್ತೆ ಒಂಟಿಯಾಗಿ ತನ್ನ ಪಾಲಿನ ಚೂರು ಕೆಲಸಕ್ಕೆ ನಿಂತಿದ್ದ.