ಜಾಲ್ನಾದಿಂದ ಎರ್ರಗಡ್ಡಕ್ಕೆ: ಸ್ಕಿಜೋಫ್ರೀನಿಯಾ ಚಿಕಿತ್ಸೆಯ ಕಥೆ

ಕೋಠಿ ಅಂದ್ರೆ ಗಚ್ಚಿಬೌಲಿ ಕಡೆ ಇರೋ ನಮಗೆಲ್ಲ ನೆನಪಾಗೋದು ಹಳೇ ಪುಸ್ತಕದ ಅಂಗಡಿಗಳು. ಉಸ್ಮಾನಿಯಾ ಮೆಡಿಕಲ್ ಕಾಲೇಜು ಇರೋದೂ ಅಲ್ಲೇ. 1846ರಲ್ಲಿ ಶುರುವಾದ ಹೈದರಾಬಾದ್ ಮೆಡಿಕಲ್ ಸ್ಕೂಲೇ ಮುಂದೆ ಈ ಕಾಲೇಜಾಯ್ತು. ಇದಕ್ಕೆ ಸೇರಿದ ಮಾನಸಿಕ ಆಸ್ಪತ್ರೆ ಎರ್ರಗಡ್ಡದಲ್ಲಿದೆ. ನಮ್ಮ ಕಡೆ 'ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅಂತ ಗೇಲಿ ಮಾಡ್ತೀವಲ್ಲ, ಇಲ್ಲಿ ಅದಕ್ಕೆ ಎರ್ರಗಡ್ಡ ಅಂತಾರೆ.

ನಿಜಾಮರ ಕಾಲದಲ್ಲಿ ಈ ಆಸ್ಪತ್ರೆ ಇದ್ದಿದ್ದು ಜಾಲ್ನಾದಲ್ಲಿ. ಅದು ಇವತ್ತಿನ ಮಹಾರಾಷ್ಟ್ರದ ಊರು. ಕಲಬುರಗಿ, ಬೀದರ್, ರಾಯಚೂರು ಕೂಡ ಆಗ ಇದೇ ರಾಜ್ಯಕ್ಕೆ ಸೇರಿದ್ದವು. 1953ರಲ್ಲಿ ಆಸ್ಪತ್ರೆ ಎರ್ರಗಡ್ಡಕ್ಕೆ ಬಂತು. 1956ರಲ್ಲಿ ಆ ಮೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದವು.

ಆಸ್ಪತ್ರೆ ಜಾಗ ಬದಲಿಸಿದ ಆ ವರ್ಷಗಳಲ್ಲೇ ಚಿಕಿತ್ಸೆಯೂ ಬದಲಾಯ್ತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ ಮತ್ತು ಡೆನಿಕೆ ಕ್ಲೋರ್‌ಪ್ರೊಮಜೀನ್ ಅನ್ನೋ ಔಷಧಿಯನ್ನ ಮನೋರೋಗಿಗಳಿಗೆ ಕೊಟ್ಟು ನೋಡಿದ್ರು. ಕಿವಿಯಲ್ಲಿ ಕೇಳ್ತಿದ್ದ ದನಿಗಳು, ಹಿಡಿದಿದ್ದ ಸಂಶಯ ಕಡಿಮೆಯಾದವು. ಅಲ್ಲಿವರೆಗೆ ಎಷ್ಟೋ ರೋಗಿಗಳ ಪಾಲಿಗೆ ಆಸ್ಪತ್ರೆ ಅಂದ್ರೆ ಎತ್ತರದ ಗೋಡೆ, ಅಷ್ಟೇ. ಮಾತ್ರೆ ಬಂದ ಮೇಲೆ ಮನೆಗೆ ವಾಪಸ್ ಹೋಗೋ ದಾರಿ ತೆರೀತು.

ಸ್ಕಿಜೋಫ್ರೀನಿಯಾ ಅನ್ನೋ ಹೆಸರು 1908ರಲ್ಲಿ ಸ್ವಿಟ್ಜರ್‌ಲೆಂಡಿನ ಬ್ಲಾಯ್ಲರ್ ಕೊಟ್ಟಿದ್ದು. ಕನ್ನಡದಲ್ಲಿ 'ಇಚ್ಚಿತ್ತ ವಿಕಲತೆ' ಅಂತಾರೆ. ಹೆಸರು ಕೇಳಿ ಒಬ್ಬರೊಳಗೆ ಇಬ್ಬರಿದ್ದಾರೆ ಅಂದ್ಕೋಬೇಡಿ, ಸಿನಿಮಾದಲ್ಲಿ ತೋರಿಸೋದು ಬೇರೆ. ಯಾರೂ ಇಲ್ಲದಾಗ ದನಿ ಕೇಳಿಸೋದು, ಯಾರೋ ಹಿಂಬಾಲಿಸ್ತಿದ್ದಾರೆ ಅನ್ನೋ ಗಟ್ಟಿ ನಂಬಿಕೆ, ತಾಳಮೇಳ ಇಲ್ಲದ ಮಾತು – ಇವು ಎದ್ದು ಕಾಣೋ ಲಕ್ಷಣಗಳು. ಕಣ್ತಪ್ಪಿ ಹೋಗೋ ಲಕ್ಷಣಗಳೂ ಇವೆ: ಸ್ನಾನ ಬಿಡೋದು, ಗೆಳೆಯರನ್ನ ಬಿಡೋದು, ಮುಖದಲ್ಲಿ ನಗು ಅಳು ಎರಡೂ ಇಲ್ಲದಿರೋದು. ಅದನ್ನ ನಾವು ಸೋಮಾರಿತನ ಅಂತ ಬೈತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹೆಚ್ಚಾಗಿ ಶುರುವಾಗೋದು ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಅಂದ್ರೆ ಮೊದಲ ಕೆಲಸ, ಪಿಜಿ ರೂಮು, ಹೊಸ ಊರಿನ ವಯಸ್ಸಲ್ಲೇ.

ಈಗ ರಿಸ್ಪೆರಿಡೋನ್, ಓಲಾಂಜಪೀನ್‌ನಂಥ ಮಾತ್ರೆಗಳಿವೆ. ಬೇರೆ ಮಾತ್ರೆ ಕೆಲಸ ಮಾಡದಿದ್ರೆ ಕ್ಲೋಜಪೀನ್ ಇದೆ, ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ತೂಕ ಏರೋದು, ನಿದ್ದೆ, ಕೈನಡುಕ ಬರಬಹುದು. ಡಾಕ್ಟರಿಗೆ ಹೇಳಿದ್ರೆ ಔಷಧಿ ಬದಲಿಸ್ತಾರೆ. 'ಹುಷಾರಾದೆ' ಅಂತ ನೀವೇ ನಿಲ್ಲಿಸಿದ್ರೆ ಕಾಯಿಲೆ ಮರುಕಳಿಸೋ ಸಾಧ್ಯತೆ ಜಾಸ್ತಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯಲ್ಲೂ ಈ ಚಿಕಿತ್ಸೆ ಸಾಧ್ಯ ಅಂತ ತೋರಿಸಿಕೊಟ್ರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಗಿದ್ದು ಇದೇ ಮಾದರಿ ಮೇಲೆ.

ಹಾಗಾದ್ರೆ ತಡ ಆಗ್ತಿರೋದು ಎಲ್ಲಿ? ಮನೇಲಿ. 'ಗಾಳಿ ಸೋಕಿದೆ', 'ಮದುವೆ ಮಾಡಿದ್ರೆ ಸರಿ ಹೋಗ್ತಾನೆ' ಅಂತ ತಿಂಗಳುಗಳು, ವರ್ಷಗಳು ಕಳೆದುಬಿಡ್ತವೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ರೂಮ್‌ಮೇಟ್ ಬಾಗಿಲು ಹಾಕ್ಕೊಂಡು ಒಬ್ಬನೇ ಮಾತಾಡ್ತಿದ್ರೆ ವೀಡಿಯೊ ಮಾಡ್ಬೇಡಿ, ಜೊತೆಗೆ ಕೂತು ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಎಲ್ಲಿಗೆ ಹೋಗ್ಬೇಕು ಗೊತ್ತಾಗದಿದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡ್ತಾರೆ. ಎರ್ರಗಡ್ಡ ಅಂತ ಗೇಲಿ ಮಾಡೋದನ್ನ ಮಾತ್ರ ಇವತ್ತಿಗೇ ಬಿಡೋಣ. ಆ ನಗು ಕೇಳಿಸ್ಕೊಂಡವರು ನಾಳೆ ಸಹಾಯ ಕೇಳೋಕೆ ಹೆದರ್ತಾರೆ.